ಆಜ್ಞೆ ರಾಜ್ಯಪಾಲರ ಹೆಸರಲ್ಲಿ, ಅಂಕುಶ ಕಾನೂನಿನ ಕೈಯಲ್ಲಿ

ಕೋವಿಡ್ ಕಾಲದಲ್ಲಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಗೋ ಕೊಯಮತ್ತೂರಿನ ನೂಲಿನ ಗಿರಣಿಗೋ ಬೀಗ ಹಾಕಿಸಿದ ರಾಜ್ಯದ ಆದೇಶ ಹೊರಟದ್ದು ರಾಜ್ಯಪಾಲರ ಹೆಸರಿನಲ್ಲಿ. ಆದರೆ ತೀರ್ಮಾನ ಸರ್ಕಾರದ್ದು, ಅದಕ್ಕೆ ಬಲ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯಂಥ ಕಾನೂನುಗಳದ್ದು. ಆ ಬಲಕ್ಕೂ ಬೇಲಿಯುಂಟು. 2020ರ ಏಪ್ರಿಲ್‌ನಲ್ಲಿ ಗುಜರಾತ್ ಸರ್ಕಾರ, ಕಾರ್ಖಾನೆ ಕಾಯ್ದೆಯ ತುರ್ತು ಅಧಿಕಾರ ಬಳಸಿ, ದಿನಕ್ಕೆ 12 ಗಂಟೆ ದುಡಿಸಿಕೊಂಡು ಓವರ್‌ಟೈಮಿನ ದುಪ್ಪಟ್ಟು ಕೂಲಿ ಕೊಡದಿರಲು ಕಾರ್ಖಾನೆಗಳಿಗೆ ಅನುಮತಿಸಿತು. ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು: ಕಾರ್ಖಾನೆ ಕಾಯ್ದೆಯ 'ಸಾರ್ವಜನಿಕ ತುರ್ತುಸ್ಥಿತಿ' ಎಂದರೆ ದೇಶದ ಭದ್ರತೆಗೇ ಕುತ್ತು, ಸೋಂಕು ತಂದ ಆರ್ಥಿಕ ಹೊಡೆತ ಅದಲ್ಲ.

ಜೀವ ಉಳಿಸುವ ಹೊತ್ತಿನಲ್ಲಿ ಕಾನೂನಿನ ಲೆಕ್ಕಾಚಾರವೇಕೆ ಎನ್ನಬಹುದು. ಗುಂಪು ಚದುರಿಸಿದರೆ ಸೋಂಕು ತಗ್ಗೀತು. ಕೂಲಿ ಕತ್ತರಿಸಿದರೆ ತಗ್ಗುವುದು ಒಲೆಯ ಉರಿ ಮಾತ್ರ. ರೋಗಕ್ಕೂ ಕ್ರಮಕ್ಕೂ ನಂಟಿರಬೇಕು. ಆ ತೀರ್ಪು ತಿರುಪ್ಪೂರಿನ ಹೊಲಿಗೆ ಯಂತ್ರದ ಮುಂದೆ ಕೂತವರಿಗೂ ಕಾವಲಾಯಿತು.