ರಕ್ತದೊತ್ತಡದ ಮಾತ್ರೆಯೂ ಇಲಿಯ ಖಿನ್ನತೆಯೂ

ರಕ್ತದೊತ್ತಡದ ಮಾತ್ರೆಯೊಂದು ಖಿನ್ನತೆಯನ್ನೂ ಕಳೆಯಬಲ್ಲದೆಂದು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಬಂದಿದೆ ಎಂಬ ಸುದ್ದಿ ಆಗಾಗ ಕಿವಿಗೆ ಬೀಳುತ್ತದೆ. ಗುಂಜಹಳ್ಳಿ, ದೇವದುರ್ಗ, ಮಾನ್ವಿಯ ಭಕ್ತರಲ್ಲಿ ನಿತ್ಯ ಬಿ.ಪಿ. ಮಾತ್ರೆ ಸೇವಿಸುವವರು ಇದ್ದಾರೆ. ಆದುದರಿಂದ ಇಂಥ ಪ್ರಯೋಗದ ಒಳಗನ್ನು ವಿವರಿಸಬಯಸುತ್ತೇವೆ.

ಈ ನಂಟಿನ ಮೂಲ ಭಾರತದ ಸರ್ಪಗಂಧದ ಬೇರಿನಲ್ಲಿದೆ. ಅದು ರಕ್ತದೊತ್ತಡವನ್ನು ಇಳಿಸುವುದನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಒತ್ತಡವೇನೋ ಇಳಿಯಿತು, ಆದರೆ ಕೆಲವು ರೋಗಿಗಳ ಮನಸ್ಸು ಕುಗ್ಗಿತು. ಅದನ್ನು ಕೊಟ್ಟ ಇಲಿಗಳೂ ರೆಪ್ಪೆ ಇಳಿಬಿಟ್ಟು ಜಡವಾಗಿ ಕುಳಿತವು. ಆ ಜಡತೆಯನ್ನು ಬಿಡಿಸುವ ಔಷಧವು ಖಿನ್ನತೆಗೂ ಆದೀತೆಂಬ ಪರೀಕ್ಷಾಕ್ರಮ ಹೀಗೆ ಹುಟ್ಟಿತು.

ಕ್ಯಾಪ್ಟೊಪ್ರಿಲ್ ಎಂಬ ಮತ್ತೊಂದು ಬಿ.ಪಿ. ಔಷಧದ ಕಥೆ ಇದಕ್ಕೆ ತದ್ವಿರುದ್ಧ. ಅದನ್ನು ಸೇವಿಸಿದ ಕೆಲವೇ ಖಿನ್ನ ರೋಗಿಗಳು ಗೆಲುವಾದರೆಂದು 1984ರಲ್ಲಿ ಅಮೆರಿಕದ ವೈದ್ಯರು ಬರೆದರು. 1989ರಲ್ಲಿ ಇಲಿಗಳ ಈಜು ಪರೀಕ್ಷೆಯಲ್ಲಿಯೂ ಅದು ಫಲ ತೋರಿತು.

ಈ ಈಜು ಪರೀಕ್ಷೆಯನ್ನು ಪೋರ್ಸೋಲ್ಟ್ ಎಂಬವರು 1977ರಲ್ಲಿ ರೂಪಿಸಿದರು. ಹತ್ತಿಹೊರಬರಲಾಗದ ಗಾಜಿನ ಪಾತ್ರೆಯ ನೀರಿನಲ್ಲಿ ಇಲಿಯನ್ನು 6 ನಿಮಿಷ ಬಿಡುತ್ತಾರೆ. ಮೊದಲು ಈಜಾಡಿದ ಅದು ಕ್ರಮೇಣ ಅಲುಗಾಡದೆ ತೇಲತೊಡಗುತ್ತದೆ. ಕೊನೆಯ 4 ನಿಮಿಷಗಳಲ್ಲಿ ಎಷ್ಟು ಹೊತ್ತು ಹಾಗೆ ತೇಲಿತೆಂಬುದನ್ನು ಎಣಿಸುತ್ತಾರೆ. ಔಷಧ ಪಡೆದ ಇಲಿ ಹೆಚ್ಚು ಹೊತ್ತು ಈಜಿದರೆ ಅದನ್ನು ಸುಚಿಹ್ನೆ ಎನ್ನುತ್ತಾರೆ. (ಇಂಥ ಪ್ರಯೋಗಕ್ಕೆ ನಮ್ಮ ದೇಶದಲ್ಲಿ ಪ್ರಾಣಿ ನೀತಿ ಸಮಿತಿಯ ಒಪ್ಪಿಗೆ ಕಡ್ಡಾಯ, ಮೂಕಜೀವಿಯ ಯಾತನೆಯನ್ನು ಲೆಕ್ಕಕ್ಕೆ ಹಿಡಿಯುವುದು ಯೋಗ್ಯವೇ ಆಗಿದೆ.)

ಆದರೆ ಔಷಧವು ಕೇವಲ ಚಡಪಡಿಕೆ ಹುಟ್ಟಿಸಿದರೂ ಇಲಿ ಹೆಚ್ಚು ಈಜೀತು. ಅದಕ್ಕೆಂದೇ ತೆರೆದ ಪೆಟ್ಟಿಗೆಯಲ್ಲಿ ಅದರ ಓಡಾಟವನ್ನು ಬೇರೆಯಾಗಿ ಅಳೆಯುತ್ತಾರೆ. ಇದಕ್ಕೂ ಮಿಗಿಲಾದ ತೊಡಕೊಂದಿದೆ: ತೇಲುವ ಇಲಿ ನಿರಾಶೆಗೊಂಡಿದೆಯೋ, ಬರಿದೇ ಶಕ್ತಿ ಉಳಿಸಿಕೊಳ್ಳುತ್ತಿದೆಯೋ ಹೇಳುವವರಾರು? ಬೆಳೆ ಕೈಕೊಟ್ಟು ಸಾಲ ಹೊತ್ತವನ ಸಂಕಟಕ್ಕೂ ಅದಕ್ಕೂ ಬಹಳ ಅಂತರವಿದೆ. ಇಲಿಯಲ್ಲಿ ಗೆದ್ದ ಎಷ್ಟೋ ಔಷಧಗಳು ಮನುಷ್ಯರಲ್ಲಿ ಸೋತಿವೆ. ಹೀಗಾಗಿ ಈ ಪ್ರಯೋಗಗಳನ್ನು ಸುಳಿವೆಂದು ಭಾವಿಸುತ್ತೇವೆಯೇ ಹೊರತು ಚಿಕಿತ್ಸೆಯೆಂದಲ್ಲ.

ಸುದ್ದಿ ಕೇಳಿ ಬಿ.ಪಿ. ಮಾತ್ರೆಯನ್ನು ಬದಲಿಸುವುದಾಗಲಿ, ಖಿನ್ನತೆಯ ಮಾತ್ರೆಯನ್ನು ಬಿಡುವುದಾಗಲಿ ಬೇಡ. ಕೆಲವು ಬಿ.ಪಿ. ಮಾತ್ರೆಗಳನ್ನು ಹಠಾತ್ತನೆ ನಿಲ್ಲಿಸಿದರೆ ಒತ್ತಡ ಒಮ್ಮೆಲೇ ಏರುತ್ತದೆ. ಎರಡು ವಾರ ನಿದ್ರೆ, ಹಸಿವು, ಉತ್ಸಾಹ ಉಡುಗಿದ್ದರೆ, ಸೇವಿಸುತ್ತಿರುವ ಎಲ್ಲ ಮಾತ್ರೆಗಳ ಚೀಟಿಯೊಡನೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದಾಗ ಕಾಯದೆ, ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು; ಹಗಲಿರುಳೂ ಲಭ್ಯ, ಶುಲ್ಕವಿಲ್ಲ.