ಚಾಕಲೇಟ್ ಸೆಂಟು: ಎರಡರಲ್ಲಿ ಯಾವುದು?

"ಮಗಳ ನಿಕಾಹ್‌ಗೆ ಒಳ್ಳೇ ಸೆಂಟು ತರ್ತೇನೆ, ಎರಡರಲ್ಲಿ ಒಂದು ಹೇಳು" ಎಂದು ದುಬೈಯಿಂದ ತಮ್ಮ ಫೋನ್ ಮಾಡಿದ. ಒಂದು ಮುಗ್ಲೆರ್ ಕಂಪೆನಿಯ 'ಏಂಜೆಲ್', ಇನ್ನೊಂದು ಮೊಂತಾಲ್‌ನ 'ಚಾಕಲೇಟ್ ಗ್ರೀಡಿ'. ಎರಡೂ ದುಬಾರಿ. ತರುವುದು ಒಂದನ್ನೇ, ಬಳಸಿದ ಮೇಲೆ ವಾಪಸ್ ಕೊಡುವ ಹಾಗಿಲ್ಲ.

ತಿನ್ನುವ ಸಿಹಿಯ ಪರಿಮಳವಿರುವ ಸೆಂಟಿಗೆ 'ಗೂರ್ಮಾಂಡ್' ಎನ್ನುತ್ತಾರೆ. ಈ ಬಗೆಗೆ ದಾರಿ ತೋರಿದ್ದೇ 1992ರಲ್ಲಿ ಬಂದ ಏಂಜೆಲ್. ಫ್ರಾನ್ಸಿನ ಒಲಿವಿಯೆ ಕ್ರೆಸ್ಪ್, ಬೊಂಬಾಯಿ ಮಿಠಾಯಿಯ ವಾಸನೆಯ ಈಥೈಲ್ ಮಾಲ್ಟಾಲ್‌ಗೆ ಮಣ್ಣಿನ ಗಂಧದ ಪಚೋಲಿ ಎಣ್ಣೆಯನ್ನು ಧಾರಾಳವಾಗಿ ಸೇರಿಸಿದರು. ಚಾಕಲೇಟ್ ಗ್ರೀಡಿಯದ್ದು ಕೋಕೋ, ಕಾಫಿ, ವೆನಿಲ್ಲಾದ ನೇರ ಪರಿಮಳ.

ನಾವಿರುವುದು ಸಿಂಧನೂರಲ್ಲಿ. ಇಲ್ಲಿ ಎರಡನ್ನೂ ಮೂಸಿ ನೋಡುವ ಅಂಗಡಿ ನಮಗೆ ಸಿಗಲಿಲ್ಲ. ಮಸ್ಕಿಯ ಸಂಬಂಧಿಕರ ಮನೆಯಲ್ಲಿ ಏಂಜೆಲ್ ಇತ್ತು, ಲಿಂಗಸುಗೂರಿನ ಪರಿಚಯದವರಲ್ಲಿ ಇನ್ನೊಂದು. ಮೂರೂ ಊರು ಒಂದೇ ದಾರಿಯಲ್ಲಿ. ಮಗಳನ್ನು ಕರಕೊಂಡು ಹೊರಟೆ. ಮಸ್ಕಿಯಲ್ಲಿ ಅವಳ ಎಡಗೈಗೆ ಏಂಜೆಲ್, ಲಿಂಗಸುಗೂರಲ್ಲಿ ಬಲಗೈಗೆ ಮತ್ತೊಂದು.

ಬರುವಾಗ ಬಸ್ಸು ತುಂಬಿತ್ತು, ಮೇ ತಿಂಗಳ ಬಿಸಿಲು. ನಾವು ಹಾಕಿದ್ದೂ ಜಾಸ್ತಿಯೇ. ಎಡಗೈ ವಾಸನೆಗೆ ಪಕ್ಕದ ಅಮ್ಮ ಸೆರಗು ಮೂಗಿಗೆ ಹಿಡಿದರು. ತಪ್ಪು ಸೆಂಟಿನದ್ದಲ್ಲ, ನಮ್ಮದು. ಸೆಕೆಯಲ್ಲಿ ಪರಿಮಳ ಬೇಗ ಆವಿಯಾಗಿ ದೂರ ಹರಡುತ್ತದೆ, ಒಂದು ಹನಿ ಸಾಕು.

ಮನೆಗೆ ಬಂದಾಗ ನನ್ನ ಉಮ್ಮ ಬಲಗೈ ಮೂಸಿ, "ಇದು ನಮ್ಮ ಊರಿನ ಕೋಕೋ" ಎಂದು ನಕ್ಕರು. ಅವರ ತವರು ಪುತ್ತೂರು ಕಡೆ, ಅಡಿಕೆ ತೋಟದ ನಡುವೆ ಕೋಕೋ ಗಿಡ. 1986ರಲ್ಲಿ ಅಲ್ಲೇ ಕ್ಯಾಂಪ್ಕೋ ಚಾಕಲೇಟ್ ಕಾರ್ಖಾನೆ ಶುರುವಾಯಿತು. ಹಸಿ ಬೀಜಕ್ಕೆ ಚಾಕಲೇಟಿನ ಪರಿಮಳವಿಲ್ಲ. ಹುಳಿಸಿ, ಒಣಗಿಸಿ, ಹುರಿದ ಮೇಲೆಯೇ ಅದು ಬರುವುದು.

ನನಗೂ ಅದೇ ಇಷ್ಟವಾಯಿತು. ಉಮ್ಮನಿಗೆ ಉಸಿರಾಟದ ತೊಂದರೆ, ಘಾಟು ವಾಸನೆ ಆಗುವುದಿಲ್ಲ. ಆದರೆ ಮಗಳು ಎಡಗೈ ಮುಂದೆ ಚಾಚಿ, "ಉಮ್ಮಾ, ಈಗ ನೋಡಿ" ಎಂದಳು. ಮೂರು ಗಂಟೆ ಕಳೆದಿತ್ತು. ಮಿಠಾಯಿಯ ಅಬ್ಬರ ಇಳಿದು, ಕಹಿ ಚಾಕಲೇಟಿನಂಥ ಮೆಲು ಪರಿಮಳವಷ್ಟೇ ಉಳಿದಿತ್ತು. "ಹಾಕುವವಳು ನಾನಲ್ವಾ?" ಎಂದಳು.

ಹೌದಲ್ಲ! ಅವಳ ಮದುವೆ, ಅವಳ ಮೈ. ತಮ್ಮನಿಗೆ ಏಂಜೆಲ್ ತರಲು ಹೇಳಿದೆ. ಅಜ್ಜಿಯ ಕೋಣೆಗೆ ಬರುವಾಗ ಹಾಕುವುದಿಲ್ಲ ಎಂದು ಅವಳೇ ಮಾತು ಕೊಟ್ಟಿದ್ದಾಳೆ.

ನಿಮ್ಮ ಮನೆಗೂ ಗಲ್ಫಿನಿಂದ ಸೆಂಟು ಬರುವುದಿದ್ದರೆ ಇಷ್ಟು ನೆನಪಿಡಿ: ಮುಚ್ಚಳ ಮೂಸಿ ತೀರ್ಮಾನ ಬೇಡ. ಹಾಕುವವರ ಕೈಗೇ ಹಚ್ಚಿ, ಉಜ್ಜದೆ, ಮೂರು ಗಂಟೆ ಕಾಯಿರಿ. ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ. ಬೇಡ ಎನ್ನುವವರು ಎಣ್ಣೆಯ ಅತ್ತರು ಕೇಳಿ. ಕೊನೆಯ ಮಾತು ಮಾತ್ರ ಹಾಕುವವರದ್ದೇ ಇರಲಿ.