ಕೆಡುವ ಬಗೆಯನ್ನೂ ಲೆಕ್ಕಹಾಕಿದ ಪೆಟ್ಟಿಗೆ

ಕೆಲವೇ ನೂರು ರೂಪಾಯಿಗೆ ಸಿಗುವ ಮೈಕ್ರೋಕಂಟ್ರೋಲರ್ ಬೋರ್ಡೊಂದು ಸೆನ್ಸರ್ ಓದುತ್ತದೆ, ಲೆಕ್ಕ ಮಾಡುತ್ತದೆ, ಮೋಟರನ್ನು ಚಾಲೂ ಮಾಡುತ್ತದೆ. ಅದೇ ಕೆಲಸಕ್ಕೆ ಕಾರ್ಖಾನೆಯವರು ಸಾವಿರಾರು ರೂಪಾಯಿ ಸುರಿದು ಪಿಎಲ್‌ಸಿ, ಅಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ತಂದು ಕೂರಿಸುತ್ತಾರೆ. ಚಿಪ್‌ಗಳ ವೇಗವನ್ನಷ್ಟೇ ನೋಡಿದರೆ ಇದು ಶುದ್ಧ ದುಂದು. ಆದರೆ ಪಿಎಲ್‌ಸಿಯ ಹೆಚ್ಚುಗಾರಿಕೆ ಇರುವುದು ಚಿಪ್‌ಗೂ ಹೊರಗಿನ ವೈರಿಗೂ ನಡುವಿನ ಜಾಗದಲ್ಲಿ. ಅಲ್ಲಿ ಕೂತಿರುವ ಒಂದೊಂದು ಬಿಡಿಭಾಗವನ್ನೂ ಆರಿಸಿದವರು ‘ಇದು ಹೇಗೆ ಕೆಲಸ ಮಾಡುತ್ತದೆ’ ಎಂದು ಕೇಳಿದಷ್ಟೇ ಗಟ್ಟಿಯಾಗಿ ‘ಇದು ಹೇಗೆ ಕೆಡುತ್ತದೆ’ ಎಂದೂ ಕೇಳಿದ್ದಾರೆ. ಈ ಯೋಚನೆ ಮೊದಲ ಪಿಎಲ್‌ಸಿಗಳಷ್ಟೇ ಹಳೆಯದು. 1968ರಲ್ಲಿ ಅಮೆರಿಕದ ಜನರಲ್ ಮೋಟರ್ಸ್‌ನ ಹೈಡ್ರಾಮ್ಯಾಟಿಕ್ ವಿಭಾಗ, ರಿಲೇಗಳು ತುಂಬಿದ ಪ್ಯಾನೆಲ್‌ಗಳಿಗೆ ಬದಲಿ ಹುಡುಕುತ್ತಿತ್ತು. ಕಾರಿನ ಮಾದರಿ ಬದಲಾದರೆ ವೈರಿಂಗ್ ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತಿತ್ತು. ಡಿಕ್ ಮಾರ್ಲಿಯವರ ತಂಡ ರೂಪಿಸಿದ ಮೋಡಿಕಾನ್ 084 ಮರುವರ್ಷ ಅಲ್ಲಿಗೆ ಬಂತು. ಅದಕ್ಕೆ ಫ್ಯಾನ್ ಇರಲಿಲ್ಲ, ಹೊರಗಿನ ಗಾಳಿ ಒಳಹೊಗದಂತೆ ಪೆಟ್ಟಿಗೆ ಮುಚ್ಚಿತ್ತು. ಕಾರ್ಖಾನೆಯ ಗಾಳಿಯೆಂದರೆ ದೂಳು, ಎಣ್ಣೆಯ ಹಬೆ. ಅದನ್ನು ಸರ್ಕಿಟ್ ಮೇಲೆ ಊದುವುದಕ್ಕಿಂತ ಬಿಸಿಯನ್ನು ಲೋಹದ ಮೈಯಿಂದಲೇ ಹೊರಹಾಕುವುದು ಮೇಲು.

ಇನ್‌ಪುಟ್ ಕಡೆಯಿಂದ ನೋಡೋಣ. ಬೋರ್ಡಿನ ಚಿಪ್ 3.3 ವೋಲ್ಟಿನಲ್ಲಿ ನಡೆಯುತ್ತದೆ. ಅದರ ಪಿನ್ನು ಕರೆಂಟನ್ನು ಹೆಚ್ಚುಕಡಿಮೆ ಎಳೆಯುವುದೇ ಇಲ್ಲ. ಮೇಜಿನ ಮೇಲೆ ಅದು ಒಳ್ಳೆಯ ಗುಣ. ಆದರೆ ಮೋಟರ್ ಕೇಬಲ್ ಪಕ್ಕದಲ್ಲೇ ಐವತ್ತು ಮೀಟರ್ ಓಡಿಬಂದ ಸೆನ್ಸರ್ ವೈರಿನಲ್ಲಿ ಯಾರೂ ಕೊಡದ ವೋಲ್ಟೇಜ್ ಹುಟ್ಟಿಕೊಳ್ಳುತ್ತದೆ, ಚಿಪ್ ಅದನ್ನು ನಿಜವೆಂದೇ ನಂಬುತ್ತದೆ. ಪಿಎಲ್‌ಸಿ ಸುಲಭಕ್ಕೆ ನಂಬುವುದಿಲ್ಲ. ಐಇಸಿ 61131-2 ಮಾನದಂಡದ ಟೈಪ್ 1 ಇನ್‌ಪುಟ್ 24 ವೋಲ್ಟಿನದು. 15 ವೋಲ್ಟ್ ದಾಟಿದರೆ ಮಾತ್ರ ಖಚಿತವಾಗಿ ‘ಆನ್’, 5ಕ್ಕಿಂತ ಕೆಳಗಿದ್ದರೆ ಖಚಿತವಾಗಿ ‘ಆಫ್’. ಸಾಲದೆಂಬಂತೆ, ಆನ್ ಎನ್ನಿಸಿಕೊಳ್ಳಲು ಸಂಕೇತ ಕೆಲವು ಮಿಲಿಆಂಪಿಯರ್ ಕರೆಂಟನ್ನೂ ಕೊಡಬೇಕು. ಪಕ್ಕದ ಕೇಬಲ್ಲಿನಿಂದ ಹಾರಿಬಂದ ವೋಲ್ಟೇಜಿಗೆ ಸಾಮಾನ್ಯವಾಗಿ ಅಷ್ಟು ಕಸುವಿರುವುದಿಲ್ಲ, ಅಲ್ಲೇ ಕುಸಿಯುತ್ತದೆ. ಆಮೇಲೆ ಕೆಲವು ಮಿಲಿಸೆಕೆಂಡಿನ ಫಿಲ್ಟರ್. ಅದರಾಚೆ ಒಂದು ಪುಟ್ಟ ಎಲ್‌ಇಡಿ ಮತ್ತು ಅದರ ಬೆಳಕನ್ನು ನೋಡುವ ಟ್ರಾನ್ಸಿಸ್ಟರ್ ಇರುವ ಆಪ್ಟೋಕಪ್ಲರ್. ಮಾಹಿತಿ ಬೆಳಕಾಗಿ ದಾಟುತ್ತದೆ, ತಾಮ್ರದ ದಾರಿ ಅಲ್ಲಿಗೆ ತುಂಡು. ಈಚೆ ಬದಿ ಸುಟ್ಟರೂ ಆಚೆಯ ಚಿಪ್ ಉಳಿಯುವ ಸಾಧ್ಯತೆ ಹೆಚ್ಚು.

ಔಟ್‌ಪುಟ್ ಆಯ್ಕೆಯಲ್ಲಿ ಇನ್ನೂ ಹೆಚ್ಚು ತಲೆ ಓಡಿಸಬೇಕು. ರಿಲೇ ಔಟ್‌ಪುಟ್ ಎಸಿ, ಡಿಸಿ ಎರಡಕ್ಕೂ ಒಗ್ಗುತ್ತದೆ, ಆಫ್ ಆದಾಗ ನಿಜವಾಗಿಯೂ ಗಾಳಿಯ ಅಂತರ ಬಿಡುತ್ತದೆ. ಹಾಗಾಗಿ ‘ಯಾವುದಕ್ಕೂ ಇರಲಿ’ ಎಂದು ಅದನ್ನೇ ಕೊಳ್ಳುವವರಿದ್ದಾರೆ. ಆದರೆ ಪೂರ್ಣ ಲೋಡಿನಲ್ಲಿ ಇಂಥ ಪುಟ್ಟ ರಿಲೇಯ ಸಂಪರ್ಕಗಳು ಬಾಳುವುದು ಸುಮಾರು 1 ಲಕ್ಷ ಸಲ. ಸೆಕೆಂಡಿಗೊಮ್ಮೆ ತೆರೆಯುವ ವಾಲ್ವಿಗೆ ಇದನ್ನು ಕಟ್ಟಿದರೆ ಆ ಲಕ್ಷ 28 ಗಂಟೆಯೊಳಗೆ ತೀರುತ್ತದೆ! ಲೋಡ್ ಕಡಿಮೆಯಿದ್ದರೆ ಹೆಚ್ಚು ಬಾಳುತ್ತದೆ, ನಿಜ. ಆದರೂ ಲೆಕ್ಕ ಹಾಕದೆ ಕೊಳ್ಳಬಾರದು. ಇನ್ನೊಂದು ಆಯ್ಕೆಯಾದ ಟ್ರಾನ್ಸಿಸ್ಟರ್ ಔಟ್‌ಪುಟ್‌ಗೆ ಈ ಸವೆತವಿಲ್ಲ. ಅದರ ತೊಂದರೆ ಬೇರೆ: ಸುಟ್ಟಾಗ ಅದು ಬಹುಮಟ್ಟಿಗೆ ಶಾರ್ಟ್ ಆಗಿ ‘ಆನ್’ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಅದನ್ನು ಸುಡುವುದರಲ್ಲಿ ಸೊಲೆನಾಯ್ಡ್ ಸುರುಳಿಯ ಪಾತ್ರ ದೊಡ್ಡದು. ಸುರುಳಿಯ ಕರೆಂಟನ್ನು ಥಟ್ಟನೆ ಕಡಿದರೆ ಅದು ನೂರಾರು ವೋಲ್ಟಿನ ಏಟನ್ನು ಹಿಂದಕ್ಕೆ ಹೊಡೆಯುತ್ತದೆ. ಕೆಲವೇ ರೂಪಾಯಿಯ ಡಯೋಡನ್ನು ಸುರುಳಿಗೆ ಅಡ್ಡಲಾಗಿ ಹಾಕಿದರೆ ಆ ಏಟು ಅಲ್ಲೇ ಸುತ್ತಿ ಕರಗುತ್ತದೆ.

ಆಯಸ್ಸಿನ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಪವರ್ ಸಪ್ಲೈಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಒಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತದೆ. 10 ಡಿಗ್ರಿ ಏರಿದರೆ ಆಯಸ್ಸು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. 105 ಡಿಗ್ರಿಯಲ್ಲಿ 2,000 ಗಂಟೆ ಎಂದು ಬರೆದಿರುವುದು 55 ಡಿಗ್ರಿಯಲ್ಲಿ 64,000 ಗಂಟೆ, ಅಂದರೆ ಏಳು ವರ್ಷ ಚಿಲ್ಲರೆ ಬಾಳುತ್ತದೆ. 5,000 ಗಂಟೆಯದನ್ನು ಹಾಕಿದರೆ ಹದಿನೆಂಟು ವರ್ಷ. ಪ್ಯಾನೆಲ್ ಒಳಗೆ ಇನ್ನೂ 10 ಡಿಗ್ರಿ ಏರಲು ಬಿಟ್ಟರೆ ಎರಡೂ ಅರ್ಧಕ್ಕಿಳಿಯುತ್ತವೆ. ಪ್ರೊಸೆಸರ್ ಯಾವುದೆಂದು ವಾರಗಟ್ಟಲೆ ಚರ್ಚಿಸುವವರು ಈ ಪುಟ್ಟ ಡಬ್ಬಿಯ ಮೇಲೆ ಮುದ್ರಿಸಿದ್ದನ್ನು ಓದುವುದೇ ಇಲ್ಲ.

ಇಷ್ಟಾದರೂ ಆಕ್ಷೇಪಗಳಿವೆ. ಅಗ್ಗದ ಬೋರ್ಡಿಗೇ ಆಪ್ಟೋಕಪ್ಲರ್, ಫಿಲ್ಟರ್, ಒಳ್ಳೆಯ ಸಪ್ಲೈ ಸೇರಿಸಬಾರದೇ? ಸೇರಿಸಬಹುದು. ಹಾಗೆ ಮಾಡಿ ಮಾರುವವರೂ ಇದ್ದಾರೆ. ಆದರೆ ಅಷ್ಟೆಲ್ಲ ಸೇರಿಸಿ ಪರೀಕ್ಷೆ ಮಾಡಿಸುವ ಹೊತ್ತಿಗೆ ಬೆಲೆಯೂ ಪಿಎಲ್‌ಸಿಯತ್ತ ಏರಿರುತ್ತದೆ. ನಿಂತರೂ ನಷ್ಟವಿಲ್ಲದ ಕಡೆ, ಕಾಲೇಜಿನ ಪ್ರಯೋಗಾಲಯದಲ್ಲೋ ಮನೆಯ ತೋಟದ ನೀರಿಗೋ, ಬರಿಯ ಬೋರ್ಡೇ ಸಾಕು. ಬ್ರ್ಯಾಂಡಿಗೆ, ಸಾಫ್ಟ್‌ವೇರ್ ಲೈಸೆನ್ಸಿಗೆ ಪೀಕುವ ದುಡ್ಡನ್ನು ಹಾರ್ಡ್‌ವೇರಿನ ಹೆಸರಲ್ಲಿ ಸಮರ್ಥಿಸುವ ಇರಾದೆ ನನಗಿಲ್ಲ. ವೈರಿನಲ್ಲಿ ಹುಟ್ಟುವ ಸುಳ್ಳು ವೋಲ್ಟೇಜಿನ ಗದ್ದಲವನ್ನೆಲ್ಲ ಸಾಫ್ಟ್‌ವೇರಿನಲ್ಲೇ ಸೋಸಿದರಾಯಿತು ಎಂಬ ವಾದ ಮಾತ್ರ ಅರ್ಧ ಸರಿ. ಸುಟ್ಟ ಪಿನ್ನಿಗೆ ಯಾವ ಕೋಡೂ ಮದ್ದಲ್ಲ; ಪ್ರೋಗ್ರಾಮ್ ಸಿಕ್ಕಿಹಾಕಿಕೊಂಡರೆ ಸೋಸುವವರೇ ಇರುವುದಿಲ್ಲ. ವಾಚ್‌ಡಾಗ್ ಟೈಮರ್ ಇರುವುದೇ ಅದಕ್ಕೆ: ಪ್ರೋಗ್ರಾಮ್ ಹೊತ್ತಿಗೆ ಸರಿಯಾಗಿ ಅದನ್ನು ತಟ್ಟದಿದ್ದರೆ ಔಟ್‌ಪುಟ್‌ಗಳು ಆಫ್ ಆಗುತ್ತವೆ.

ಆದರೆ ಶಾರ್ಟ್ ಆದ ಟ್ರಾನ್ಸಿಸ್ಟರನ್ನು ವಾಚ್‌ಡಾಗ್ ಕೂಡ ಆಫ್ ಮಾಡಲಾರದು. ಆದ್ದರಿಂದ ಕೈ ಸಿಕ್ಕುವ ಪ್ರೆಸ್ಸಿನಂಥ ಯಂತ್ರಗಳಲ್ಲಿ ತುರ್ತು ನಿಲುಗಡೆಯನ್ನು ಸಾಮಾನ್ಯ ಪಿಎಲ್‌ಸಿಯೊಂದರ ಕೈಗೇ ಬಿಡುವುದಿಲ್ಲ. ಕೆಂಪು ಗುಂಡಿಯ ಸಂಪರ್ಕ ಮಾಮೂಲಾಗಿ ಮುಚ್ಚಿಯೇ ಇದ್ದು, ಒತ್ತಿದಾಗ ತೆರೆಯುತ್ತದೆ. ಅದು ಸೇಫ್ಟಿ ರಿಲೇ ಮೂಲಕ ಕಾಂಟ್ಯಾಕ್ಟರನ್ನೇ ಬೀಳಿಸಿ ಮೋಟರಿನ ಕರೆಂಟು ಕಡಿಯುತ್ತದೆ. ಗುಂಡಿಯ ವೈರನ್ನು ಇಲಿ ಕಡಿದುಹಾಕಿದರೂ ಯಂತ್ರ ನಿಲ್ಲುತ್ತದೆ.